ಬೆನ್ನಿನಿಂದ ನೀರು ತೆಗೆದರೆ ಕಾಲಿನ ಸ್ವಾಧೀನ ತಪ್ಪುವುದೇ?

‘ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕು’ ಎಂದು ವೈದ್ಯರು ಹೇಳಿದೊಡನೆ ರೋಗಿಯ ಕಡೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಹಿಂಜರಿಯುವುದುಂಟು. ಕಾಲುಗಳ ಸ್ವಾಧೀನ ತಪ್ಪೀತೆಂಬುದೇ ಈ ಭಯದ ಮೂಲ. ವಿಚಿತ್ರವೆಂದರೆ, ಸಿಸೇರಿಯನ್ ಹೆರಿಗೆಗೆ ಮುನ್ನ ಹೆಚ್ಚುಕಡಿಮೆ ಅದೇ ಜಾಗಕ್ಕೆ ಚುಚ್ಚುವ ಅರಿವಳಿಕೆ ಸೂಜಿಗೆ ಜನ ಇಷ್ಟು ಅಂಜುವುದಿಲ್ಲ.

‘ಲಂಬಾರ್ ಪಂಕ್ಚರ್’ ಎಂಬ ಈ ವಿಧಾನವನ್ನು 1891ರಲ್ಲಿ ಜರ್ಮನಿಯ ಕೀಲ್ ನಗರದ ವೈದ್ಯ ಹೈನ್ರಿಖ್ ಕ್ವಿಂಕೆ ಪ್ರಕಟಿಸಿದರು. ವಯಸ್ಕರಲ್ಲಿ ಬೆನ್ನುಹುರಿಯು ಸೊಂಟದ ಮೊದಲ ಅಥವಾ ಎರಡನೇ ಕಶೇರುಕದ ಮಟ್ಟದಲ್ಲಿಯೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕೂ ಕೆಳಗೆ, ಸಾಮಾನ್ಯವಾಗಿ ಮೂರು ಮತ್ತು ನಾಲ್ಕನೆಯ ಅಥವಾ ನಾಲ್ಕು ಮತ್ತು ಐದನೆಯ ಕಶೇರುಕಗಳ ನಡುವೆ. ಅಲ್ಲಿರುವುದು ದ್ರವದಲ್ಲಿ ತೇಲುವ ನರದ ಎಳೆಗಳು. ಸೂಜಿ ತಾಗಿದರೂ ಅವು ಬಹುತೇಕ ಪಕ್ಕಕ್ಕೆ ಸರಿಯುತ್ತವೆ. ಮಂಡಿಗಳನ್ನು ಎದೆಯತ್ತ ಮಡಚಿಸಿ ಮಲಗಿಸುವುದು ಮೂಳೆಗಳ ನಡುವಿನ ಸಂದು ತೆರೆದುಕೊಳ್ಳಲೆಂದು.

ಮಿದುಳು ಹಾಗೂ ಬೆನ್ನುಹುರಿಯ ಸುತ್ತಲಿನ ಈ ದ್ರವ ವಯಸ್ಕರಲ್ಲಿ ಸುಮಾರು 150 ಮಿ.ಲೀ. ಇರುತ್ತದೆ. ದೇಹವು ದಿನಕ್ಕೆ ಸುಮಾರು 500 ಮಿ.ಲೀ. ಉತ್ಪಾದಿಸುವುದರಿಂದ, ಪರೀಕ್ಷೆಗೆ ತೆಗೆದ 10-15 ಮಿ.ಲೀ. ಗಂಟೆಯೊಳಗೇ ಭರ್ತಿಯಾಗುತ್ತದೆ.

ಇಷ್ಟು ನೀರು ಹೇಳುವ ಸಂಗತಿಗಳು ಹಲವು. ಬಿಳಿ ರಕ್ತಕಣಗಳು ಹೆಚ್ಚಿ ಗ್ಲೂಕೋಸ್ ಕುಸಿದಿದ್ದರೆ ಬ್ಯಾಕ್ಟೀರಿಯಾ ಅಥವಾ ಕ್ಷಯದಿಂದಾದ ಮಿದುಳುಪೊರೆಯ ಉರಿಯೂತದ ಶಂಕೆ ಮೂಡುತ್ತದೆ. ವೈರಸ್ ಕಾರಣವಾಗಿದ್ದರೆ ಗ್ಲೂಕೋಸ್ ಸಾಮಾನ್ಯವಾಗಿ ಇಳಿದಿರುವುದಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಬ್ಯಾಕ್ಟೀರಿಯಾ ಸೋಂಕಿಗೆ ಕೆಲವು ವಾರಗಳ ಆಂಟಿಬಯಾಟಿಕ್ ಸಾಕಾಗಬಹುದು. ಕ್ಷಯವಾದರೆ ಔಷಧವನ್ನು 9ರಿಂದ 12 ತಿಂಗಳು ಸೇವಿಸಬೇಕು. ಸಹಿಗಾಗಿ ಕಳೆದ ಒಂದೊಂದು ದಿನವೂ ಮಿದುಳಿಗಾಗುವ ಹಾನಿಯನ್ನು ಹೆಚ್ಚಿಸಬಲ್ಲದು.

ತೊಂದರೆಯೇ ಇಲ್ಲವೆಂದಲ್ಲ. ಕೆಲವರಿಗೆ ಎದ್ದು ಕುಳಿತಾಗ ಹೆಚ್ಚುವ, ಮಲಗಿದರೆ ತಗ್ಗುವ ತಲೆನೋವು ಕೆಲ ದಿನ ಕಾಡುತ್ತದೆ. ಮೊನಚಿಲ್ಲದ ತುದಿಯ ಸಣ್ಣ ಸೂಜಿ ಬಳಸಿದರೆ ಇದರ ಸಂಭವ ಕಡಿಮೆ. ಗಂಟೆಗಟ್ಟಲೆ ಅಂಗಾತ ಮಲಗಿಸುವ ಹಳೆಯ ರೂಢಿಯಿಂದ ಮಾತ್ರ ತಲೆನೋವು ತಪ್ಪುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ.

ಮಿದುಳಿನಲ್ಲಿ ಗಡ್ಡೆಯಿಂದ ಒತ್ತಡ ಏರಿರುವ ಶಂಕೆಯಿದ್ದರೆ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ, ಆದರೆ ಅದಕ್ಕಾಗಿ ಆಂಟಿಬಯಾಟಿಕ್ ತಡವಾಗಬಾರದು. ಚುಚ್ಚುವ ಜಾಗದ ಚರ್ಮದಲ್ಲಿ ಸೋಂಕಿದ್ದರೆ ಅಲ್ಲಿ ಸೂಜಿ ಹಾಕುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ರೋಗಿ ಸೇವಿಸುತ್ತಿದ್ದರೆ, ಅದನ್ನು ಮನೆಯವರು ಸಹಿ ಹಾಕುವ ಮೊದಲೇ ವೈದ್ಯರಿಗೆ ತಿಳಿಸಬೇಕು.