ಕಿಣ್ವಗಳೂ ಕಾವೂ

ಸವದತ್ತಿ, ರಾಮದುರ್ಗಗಳ ಕಡೆಯ ಗೃಹಿಣಿಯರೆಲ್ಲರೂ ಬಲ್ಲ ಒಂದು ಸಂಗತಿಯಿಂದ ಈ ಭಾಷಣವನ್ನು ಆರಂಭಿಸುತ್ತೇನೆ. ಸಜ್ಜೆಯ ಕಾಳನ್ನು ಒಣಗಿಸಿ ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಅದನ್ನೇ ಬೀಸಿಟ್ಟರೆ ಕೆಲವೇ ದಿನಗಳಲ್ಲಿ ಹಿಟ್ಟಿಗೆ ಕಮಟು ವಾಸನೆ ಹತ್ತಿ, ರೊಟ್ಟಿ ಕಹಿಯಾಗುತ್ತದೆ. ಜೋಳದ ಹಿಟ್ಟು ಇಷ್ಟು ಬೇಗ ಕೆಡದು. ಮಳೆ ಕಡಮೆಯಾದ ವರ್ಷದಲ್ಲಿಯೂ ರೈತನ ಕೈಬಿಡದ ಧಾನ್ಯವು ಮನೆಯೊಳಗೇ ಹಾಳಾದರೆ, ಅದು ಬಡವನ ಬುತ್ತಿಯಿಂದ ಹೋದ ತುತ್ತೇ ಸರಿ. ಕಾಳಿನಲ್ಲಿ ಕೆಡದಿದ್ದುದು ಹಿಟ್ಟಿನಲ್ಲಿ ಏಕೆ ಕೆಡಬೇಕು?

ಸಜ್ಜೆಯಲ್ಲಿ ನೂರಕ್ಕೆ ಸುಮಾರು 5 ಪಾಲು ಕೊಬ್ಬಿದೆ; ಜೋಳದಲ್ಲಿ ಅದಕ್ಕಿಂತ ಕಡಮೆ. ಈ ಕೊಬ್ಬನ್ನು ಒಡೆಯತಕ್ಕ ಲೈಪೇಸ್ ಎಂಬ ಕಿಣ್ವವೂ ಅದೇ ಕಾಳಿನಲ್ಲಿದೆ. ಇಡಿಯ ಕಾಳಿನಲ್ಲಿ ಇವೆರಡೂ ಬಹುಮಟ್ಟಿಗೆ ಬೇರೆಬೇರೆಯಾಗಿರುತ್ತವೆ. ಬೀಸುವ ಕಲ್ಲು ನಡುವಿನ ಗೋಡೆಯನ್ನು ಕೆಡವಿ ಅವನ್ನು ಒಟ್ಟುಗೂಡಿಸುತ್ತದೆ. ಆಗ ಕೊಬ್ಬು ಒಡೆದು ಆಮ್ಲಗಳು ಹುಟ್ಟುತ್ತವೆ. ಗಾಳಿ ತಗಲಿ ಅವು ಇನ್ನಷ್ಟು ಕೆಡುತ್ತವೆ.

ಹಾಗಾದರೆ ಕಿಣ್ವವೆಂದರೇನು? ಸಂಸ್ಕೃತದಲ್ಲಿ ಈ ಶಬ್ದಕ್ಕೆ ಮದ್ಯವನ್ನು ಹುದುಗಿಸುವ ಪದಾರ್ಥವೆಂದು ಅರ್ಥ. ಹುದುಗುವಿಕೆಗೆ ಜೀವಂತ ಕಣವೇ ಬೇಕೆಂದು ಹಿಂದೆ ಅನೇಕ ವಿದ್ವಾಂಸರು ನಂಬಿದ್ದರು. 1897ರಲ್ಲಿ ಜರ್ಮನಿಯ ಎಡುವರ್ಡ್ ಬುಕ್ನರ್ ಎಂಬವರು ಯೀಸ್ಟನ್ನು ಅರೆದು ಹಿಂಡಿದ, ಜೀವಕಣಗಳಿಲ್ಲದ ರಸವೂ ಸಕ್ಕರೆಯನ್ನು ಹುದುಗಿಸುವುದೆಂದು ತೋರಿಸಿದರು. ಕಿಣ್ವವು ಸಸಾರಜನಕವೆಂಬುದನ್ನು 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಅವರು ಒಂದು ಕಿಣ್ವವನ್ನು ಹರಳಾಗಿ ಪಡೆದು ಸಿದ್ಧಪಡಿಸಿದರು.

ಇದರ ಕೆಲಸವನ್ನು ಒಂದು ಉಪಮಾನದಿಂದ ತಿಳಿಯಬಹುದು. ಸವದತ್ತಿಯ ಸಮೀಪದಲ್ಲಿ ಮಲಪ್ರಭೆಗೆ ಗುಡ್ಡದ ಸಾಲು ಅಡ್ಡವಾಗಿದೆ. ನದಿ ಗುಡ್ಡವನ್ನು ಹತ್ತಲಾರದು. ಈಗ ಅಣೆಕಟ್ಟು ನಿಂತಿರುವ ನವಿಲುತೀರ್ಥದ ಕಣಿವೆಯೇ ಅದಕ್ಕೆ ದಾರಿ. ರಾಸಾಯನಿಕ ಕ್ರಿಯೆಗಳಿಗೂ ದಾಟಬೇಕಾದ ಇಂಥ ಒಂದು ದಿಣ್ಣೆಯುಂಟು. ಕಿಣ್ವವು ಅಲ್ಲಿ ಕಣಿವೆಯನ್ನು ತೆರೆದುಕೊಡುತ್ತದೆ. ನದಿ ಹರಿದುಹೋದರೂ ಕಣಿವೆ ಉಳಿಯುವಂತೆ, ಕ್ರಿಯೆ ಮುಗಿದರೂ ಕಿಣ್ವವು ವ್ಯಯವಾಗದೆ ಉಳಿಯುತ್ತದೆ. ಆದುದರಿಂದಲೇ ಅದನ್ನು ವೇಗವರ್ಧಕವೆನ್ನುವುದು. ನಮ್ಮ ರಕ್ತಕಣಗಳಲ್ಲಿರುವ ಒಂದು ಕಿಣ್ವದ ಒಂದೇ ಅಣುವು ಸೆಕೆಂಡಿಗೆ ಸುಮಾರು 10 ಲಕ್ಷ ಇಂಗಾಲದ ಡೈಆಕ್ಸೈಡ್ ಅಣುಗಳನ್ನು ಮಾರ್ಪಡಿಸಬಲ್ಲದು! ಆದರೆ ಎಲ್ಲ ಕೆಲಸವನ್ನೂ ಒಂದೇ ಕಿಣ್ವ ಮಾಡದು. ಬೀಗಕ್ಕೆ ತಕ್ಕ ಕೀಲಿಕೈಯಂತೆ ಅದಕ್ಕೆ ಹೊಂದುವ ವಸ್ತುವೇ ಬೇಕೆಂದು 1894ರಲ್ಲಿ ಎಮಿಲ್ ಫಿಷರ್ ಅವರು ಹೇಳಿದರು. ಜೋಳದ ರೊಟ್ಟಿಯನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದಷ್ಟೆ? ಜೊಲ್ಲಿನ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಕೊಬ್ಬನ್ನು ಅದು ಮುಟ್ಟುವುದಿಲ್ಲ.

ಇನ್ನು ಕಾವಿನ ವಿಚಾರ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಕಿಣ್ವದ ಕೆಲಸ ಸುಮಾರು ಇಮ್ಮಡಿಯಾಗುವುದುಂಟು. ಆದರೆ ಇದಕ್ಕೊಂದು ಮಿತಿಯಿದೆ. ಕಾವು ಮಿತಿಮೀರಿದರೆ ಸಸಾರಜನಕದ ಮಡಿಕೆಗಳು ಬಿಚ್ಚಿಹೋಗಿ ಬೀಗದ ಆಕಾರವೇ ಕೆಡುತ್ತದೆ. ಬೇಯಿಸಿದ ಮೊಟ್ಟೆಯ ಬಿಳಿಯನ್ನು ತಣ್ಣಗೆ ಮಾಡಿದರೆ ಅದು ಮತ್ತೆ ನೀರಾಗುವುದೇ? ಚಳಿಯ ಪರಿಣಾಮ ಬೇರೆ: ಅದು ಕಿಣ್ವವನ್ನು ನಿಧಾನಗೊಳಿಸುವುದೇ ಹೊರತು ಸಾಮಾನ್ಯವಾಗಿ ನಾಶಮಾಡದು. ಹೆಪ್ಪಿನ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿಸುವುದೂ ಕಿಣ್ವಗಳಿಂದಲೇ. ಬೈಲಹೊಂಗಲ, ಕಿತ್ತೂರುಗಳ ತಾಯಂದಿರು ಕುದಿಯುವ ಹಾಲಿಗೆ ಹೆಪ್ಪು ಹಾಕದೆ ಬೆಚ್ಚಗಾದ ಮೇಲೆ ಹಾಕುವುದೂ, ಚಳಿಗಾಲದಲ್ಲಿ ಪಾತ್ರೆಗೆ ಬಟ್ಟೆ ಸುತ್ತುವುದೂ ಈ ತತ್ತ್ವಕ್ಕೆ ಅನುಸಾರವಾಗಿಯೇ ಇವೆ.

ಈಗ ಸಜ್ಜೆಗೆ ಮರಳೋಣ. ಹಿಟ್ಟನ್ನು ತಂಪಿನಲ್ಲಿಟ್ಟರೆ ಕೇಡು ತಡವಾಗುತ್ತದೆ, ನಿಲ್ಲುವುದಿಲ್ಲ. ಬೀಸುವ ಮುನ್ನವೇ ಕಾಳನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷದಷ್ಟು ಅದ್ದಿ ತೆಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಲೈಪೇಸಿನ ಶಕ್ತಿ ಬಹಳ ಮಟ್ಟಿಗೆ ಕುಂದುತ್ತದೆ. ಹಿಟ್ಟು ಹೆಚ್ಚು ದಿನ ಬಾಳುತ್ತದೆ. ಒಣಗಿಸುವುದರಲ್ಲಿ ಮಾತ್ರ ಅಲಕ್ಷ್ಯ ಕೂಡದು. ತೇವ ಉಳಿದರೆ ಬೂಷ್ಟು ಹಿಡಿಯುವುದು. ಅಷ್ಟು ಮಾಡಲು ಅನುಕೂಲವಿಲ್ಲದವರಿಗೆ ಹಿರಿಯರ ರೂಢಿಯೇ ಲೇಸು: ಬೇಕಾದಾಗ, ಬೇಕಾದಷ್ಟೇ ಬೀಸಿಕೊಳ್ಳುವುದು. ಅವರು ಲೈಪೇಸಿನ ಹೆಸರನ್ನು ಕೇಳಿದವರಲ್ಲ; ಆದರೂ ಅದರ ಸ್ವಭಾವವನ್ನು ಅರಿತೇ ನಡೆದರು.