ಮೂರೆಲೆಗೊಂದು ಲೆಕ್ಕ, ಐದೆಲೆಗೊಂದು

ಯುಗಾದಿಯ ಮರುದಿನ, ಹೊಸತೊಡಕಿನಂದು, ಮಂಡ್ಯ ಸೀಮೆಯಲ್ಲಿ ಇಸ್ಪೀಟು ಕಟ್ಟು ಹೊರಬರುವುದು ರೂಢಿ. ಕಿರುಗಾವಲಿನ ಕಡೆಯ ವಿದ್ಯಾರ್ಥಿಗಳು ಮೂರೆಲೆ ಆಟವನ್ನು ನೋಡಿಯೇ ಇರುತ್ತಾರೆ. ಪೋಕರ್ ಅದರ ನೆಂಟ; ಅಲ್ಲಿ ಐದೆಲೆಗಳ ಗುಂಪು. ಸರದಿ ಬಂದಾಗ ಬಾಜಿಯನ್ನು ಸರಿಗಟ್ಟಬಹುದು, ಏರಿಸಬಹುದು, ಇಲ್ಲವೇ ಎಲೆ ಮಡಚಿ ಹಿಂದೆ ಸರಿಯಬಹುದು. ಅಪರೂಪದ ಗುಂಪಿಗೆ ಮೇಲಿನ ಸ್ಥಾನ ಎಂಬುದು ಎರಡಕ್ಕೂ ಮೂಲಸೂತ್ರ.

ಆದರೆ ಪೋಕರ್‌ನಲ್ಲಿ ಒಂದೇ ಜಾತಿಯ ಎಲೆಗಳು ಅನುಕ್ರಮವನ್ನು ಸೋಲಿಸುತ್ತವೆ. ಮೂರೆಲೆಯಲ್ಲಿ ಅನುಕ್ರಮವೇ ಗೆಲ್ಲುತ್ತದೆ. ಏಕೆ? ಎಣಿಸಿ ನೋಡಿ. 52 ಎಲೆಗಳಿಂದ ಮೂರನ್ನು ಆರಿಸುವ ವಿಕಲ್ಪಗಳು 22,100. ಎಕ್ಕ-ಎರಡು-ಮೂರರಿಂದ ರಾಣಿ-ರಾಜ-ಎಕ್ಕದವರೆಗೆ 12 ಅನುಕ್ರಮಗಳು. ಪ್ರತಿ ಎಲೆಗೂ ನಾಲ್ಕು ಜಾತಿ; ಆದ್ದರಿಂದ 12×4×4×4=768. ಮೂರೂ ಒಂದೇ ಜಾತಿಯಾಗಿರುವ 48ನ್ನು ಕಳೆದರೆ 720. ಇನ್ನು, ಒಂದು ಜಾತಿಯ 13 ಎಲೆಗಳಿಂದ ಮೂರನ್ನು 286 ಬಗೆಯಲ್ಲಿ ಆರಿಸಬಹುದು. ನಾಲ್ಕು ಜಾತಿಗೆ 1,144. ಅದೇ 48 ಕಳೆದರೆ 1,096. ಇಲ್ಲಿ ಅನುಕ್ರಮವೇ ವಿರಳ. ಐದೆಲೆಗೆ ಹೋದಾಗ ಅನುಕ್ರಮ 10,200ಕ್ಕೆ ಜಿಗಿಯುತ್ತದೆ, ಏಕೆಂದರೆ ಸೇರಿದ ಪ್ರತಿ ಎಲೆಯೂ ನಾಲ್ಕು ಜಾತಿಗಳಲ್ಲಿ ಯಾವುದಾದರೂ ಆಗಬಹುದು. ಒಂದೇ ಜಾತಿಯ ಗುಂಪು 5,108ರಲ್ಲೇ ನಿಲ್ಲುತ್ತದೆ.

ತಮಾಷೆಯೆಂದರೆ, ಮೂರೆಲೆಯಲ್ಲಿ ಒಂದೇ ಜಾತಿಯ ಅನುಕ್ರಮ 48. ಮೂರು ಎಕ್ಕದಂಥ ಗುಂಪುಗಳು 52. ಆದರೂ ಮೇಲಿನ ಪಟ್ಟ ಎರಡನೆಯದಕ್ಕೆ! ರೂಢಿ ಲೆಕ್ಕ ಕೇಳಿಲ್ಲ.

ಏನೂ ಕೂಡದ ಗುಂಪುಗಳು 16,440, ಅಂದರೆ ನೂರಕ್ಕೆ 74. ಎಣಿಕೆ ಕಲಿತವನಿಗೂ ಇದು ತಪ್ಪದು. ಕಣದ ಹಣವೂ ಬೆಳೆಯುವುದಿಲ್ಲ. ಒಬ್ಬನ ಗೆಲುವು ಇನ್ನೊಬ್ಬನ ಮನೆಯ ದುಡ್ಡು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಸಂಸತ್ತು ಕಾನೂನಿನಿಂದ ನಿಷೇಧಿಸಿತು.

ತರಗತಿಗೆ ಹುಣಿಸೆಬೀಜ ಸಾಕು. ಎಲೆ ಕಲಸಿ, ಮೂರು ಮೂರರಂತೆ ನೂರು ಸಲ ತೆಗೆದು, ಜೋಡಿ ಎಷ್ಟು ಸಲ ಬಂತೆಂದು ಬರೆಸಿ. 3,744ನ್ನು 22,100ರಿಂದ ಭಾಗಿಸಿದರೆ ಸಿಗುವುದು ನೂರಕ್ಕೆ 17. ನಿಮ್ಮ ಎಣಿಕೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿ.