ಟ್ಯಾಂಕಿನ ತಳ ಕಾಣುವ ಮುನ್ನ



ಸೊಪ್ಪು, ತರಕಾರಿ ತುಂಬಿಕೊಂಡು ಕನಕಪುರ ರಸ್ತೆಯಲ್ಲಿ ಬೆಳಗಿನ ಜಾವ ಬೆಂಗಳೂರಿಗೆ ಬರುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಹೋದ ಬೇಸಿಗೆಯಲ್ಲಿ ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಅಂಥದೊಂದು ಡೀಸೆಲ್ ಟೆಂಪೋ ನಿಂತುಹೋಗಿದ್ದನ್ನು ನಾನೇ ಕಂಡೆ. ಮುಳ್ಳು ಕೆಂಪು ಗೆರೆ ಮುಟ್ಟಿ ಬಹಳ ಹೊತ್ತಾಗಿತ್ತು. “ಮಾರ್ಕೆಟ್ಟಿನ ತನಕ ಹೋಗುತ್ತೆ ಬಿಡಿ, ಮಾಲು ಮಾರಿದ ದುಡ್ಡಿನಲ್ಲಿ ಹಾಕಿಸೋಣ” ಅಂದುಕೊಂಡು ಹೊರಟಿದ್ದರಂತೆ. ಕ್ಯಾನಿನಲ್ಲಿ ಐದು ಲೀಟರ್ ತಂದು ಹೊಯ್ದರೂ ಎಂಜಿನ್ ಚಾಲೂ ಆಗಲಿಲ್ಲ. ಮೆಕ್ಯಾನಿಕ್ ಬರುವ ಹೊತ್ತಿಗೆ ಬಿಸಿಲೇರಿ ಕೊತ್ತಂಬರಿ ಕಟ್ಟುಗಳೆಲ್ಲ ಬಾಡಿದ್ದವು.

ಡೀಸೆಲ್ ಹಾಕಿದ ಮೇಲೂ ಯಾಕೆ ಹೀಗೆ? ಬಾವಿಯ ಮೇಲಿನ ಪಂಪ್‌ಸೆಟ್ಟನ್ನು ನೆನೆಸಿಕೊಳ್ಳಿ. ನೀರು ಇಳಿದು ಫುಟ್‌ವಾಲ್ವ್ ಗಾಳಿ ಎಳೆದರೆ, ಬಾವಿಗೆ ಮತ್ತೆ ನೀರು ಬಂದರೂ ಪಂಪು ತಾನಾಗಿ ಎತ್ತುವುದಿಲ್ಲ. ಕೊಡದಲ್ಲಿ ನೀರು ಹೊಯ್ದು ಗಾಳಿ ಹೊರಡಿಸಬೇಕು. ಡೀಸೆಲ್ ಎಂಜಿನ್ನೂ ಹಾಗೆಯೇ. ಟ್ಯಾಂಕು ಬರಿದಾದರೆ ಕೊಳವೆಯೊಳಗೆ ಗಾಳಿ ಹೊಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು, ಇಂಜೆಕ್ಟರಿನಿಂದ ಡೀಸೆಲ್ ಚಿಮ್ಮುವಷ್ಟು ಒತ್ತಡ ಹುಟ್ಟುವುದಿಲ್ಲ. ಬಹಳಷ್ಟು ಗಾಡಿಗಳಲ್ಲಿ ಫಿಲ್ಟರಿನ ಬಳಿ ಇರುವ ಕೈಪಂಪನ್ನು ಒತ್ತಿ ಒತ್ತಿ ಆ ಗಾಳಿಯನ್ನು ತೆಗೆಯಬೇಕು. ಇನ್ನೊಂದು ಸಂಗತಿ: ಹೆಚ್ಚು ಒತ್ತಡದ ಆ ಡೀಸೆಲ್ ಪಂಪಿನ ಒಳಭಾಗಗಳಿಗೆ ಡೀಸೆಲೇ ಜಾರುವೆಣ್ಣೆ. ಒಣಗಿ ತಿರುಗಿದರೆ ಸವೆಯುತ್ತವೆ. ಅದರ ರಿಪೇರಿಗೆ ಒಂದು ಲೋಡು ಸೊಪ್ಪಿನ ದುಡ್ಡು ಸಾಲದು.

ಪೆಟ್ರೋಲ್ ಕಾರು ಇಟ್ಟವರೂ ಕೇಳಿ. ಈಗಿನ ಕಾರುಗಳಲ್ಲಿ ಟ್ಯಾಂಕಿನೊಳಗೇ ವಿದ್ಯುತ್ ಪಂಪು ಮುಳುಗಿರುತ್ತದೆ, ನಿಮ್ಮ ಬೋರ್‌ವೆಲ್ಲಿನ ಮೋಟಾರಿನಂತೆ. ಅದನ್ನು ತಂಪಾಗಿಡುವುದೂ ಪೆಟ್ರೋಲೇ. ಬತ್ತಿದ ಬೋರಿನಲ್ಲಿ ಮೋಟಾರು ಸುಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

“ಇನ್ನು ಹತ್ತು ಕಿಲೋಮೀಟರ್ ತಾನೆ” ಎಂಬ ಲೆಕ್ಕ ಊರ ರಸ್ತೆಗೆ ಸರಿಹೋದೀತು. ಬನಶಂಕರಿಯಲ್ಲೋ, ಬಿ.ಟಿ.ಎಂ. ಬಡಾವಣೆ ಪಕ್ಕದ ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲೋ ಗಾಡಿ ನಿಂತಲ್ಲೇ ನಿಂತು ಎಣ್ಣೆ ಕುಡಿಯುತ್ತದೆ. ಏರಿನಲ್ಲಿ ನಿಂತರಂತೂ ತಳದ ನಾಲ್ಕು ಲೀಟರ್ ಒಂದು ಮೂಲೆಗೆ ಸರಿದು, ಎಳೆಯುವ ಕೊಳವೆಯ ಬಾಯಿ ಬರಿದಾಗಬಹುದು.

ಆದುದರಿಂದ ಮುಳ್ಳು ಕಾಲು ಭಾಗಕ್ಕೆ ಇಳಿಯುತ್ತಲೇ ಹಾಕಿಸಿ. ಸಂತೆಗೆ ಹೊರಡುವವರು ಹಿಂದಿನ ಸಂಜೆಯೇ ಊರ ಹತ್ತಿರದ ಬಂಕಿನಲ್ಲಿ ಹಾಕಿಸಿಕೊಂಡರೆ ಒಳ್ಳೆಯದು. ಅಕಸ್ಮಾತ್ ಡೀಸೆಲ್ ಗಾಡಿ ಬರಿದಾಗಿ ನಿಂತರೆ, ಪಕ್ಕಕ್ಕೆ ತಳ್ಳಿ, ಡೀಸೆಲ್ ಹಾಕಿ, ಮೊದಲು ಗಾಳಿ ತೆಗೆಸಿ. ಅದಕ್ಕೂ ಮುನ್ನ ಸೆಲ್ಫ್ ಹೊಡೆಯುತ್ತಲೇ ಇರಬೇಡಿ, ಬ್ಯಾಟರಿಯೂ ಇಳಿದುಬಿಡುತ್ತದೆ.